ಅಜ್ಜಿಯ ಪದ ಹಿಡಿದಿಡಲು ಯಾವ ರೆಕಾರ್ಡರ್ ಕೊಳ್ಳಲಿ?

ಪ್ರಶ್ನೆ: ನಮ್ಮಜ್ಜಿಗೆ 84 ವರ್ಷ. ಸೋಬಾನೆ ಪದ, ಬೀಸುವ ಪದ ಎಲ್ಲಾ ಬಾಯಲ್ಲೇ ಇವೆ. ರೆಕಾರ್ಡ್ ಮಾಡಿಡುವ ಆಸೆ. 5 ಸಾವಿರದ ಆಸುಪಾಸಿನಲ್ಲಿ ಒಳ್ಳೆಯ ವಾಯ್ಸ್ ರೆಕಾರ್ಡರ್ ಸಿಗುತ್ತದೆಯೇ? ಮೊಬೈಲ್ ಸಾಲದೇ?
– ಓದುಗರು, ಚಳ್ಳಕೆರೆ ತಾಲ್ಲೂಕು

ಉತ್ತರ: ಸಿಗುತ್ತದೆ. ಆದರೆ ಅದು ಕೈಗೆ ಬರುವವರೆಗೂ ಕಾಯಬೇಡಿ. ಇವತ್ತು ಸಂಜೆಯೇ ಮೊಬೈಲ್‌ನಲ್ಲಿ ಎರಡು ಪದ ಹಿಡಿದಿಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ನಡುವೆ ಕರೆ ಬಂದರೆ ರೆಕಾರ್ಡಿಂಗ್ ನಿಂತುಹೋಗಬಹುದು.

ರೆಕಾರ್ಡರ್ ಕೊಳ್ಳುವಾಗ ಡಬ್ಬದ ಮೇಲಿನ ‘ನೂರಾರು ಗಂಟೆ’ ಅನ್ನುವ ಮಾತು ನಂಬಿ ಹೋಗಬೇಡಿ. ಅಷ್ಟು ಗಂಟೆ ಹಿಡಿಸಬೇಕಾದರೆ ಧ್ವನಿಯನ್ನು ತುಂಬಾ ಹಿಂಡಿರುತ್ತಾರೆ. ಮಾತಿಗೆ ಅದು ನಡೆಯುತ್ತದೆ, ಪದಕ್ಕೆ ಸಾಲದು. ಧ್ವನಿಯನ್ನು ಹಿಂಡದೆ ಹಾಗೇ ಇಡುವ ವೇವ್ (WAV) ಫೈಲ್ ಮಾಡುತ್ತದೆಯೇ ನೋಡಿ. ಲೀನಿಯರ್ ಪಿಸಿಎಂ ಅಂತಲೂ ಬರೆದಿರುತ್ತಾರೆ. ಸಿ.ಡಿ. ಗುಣಮಟ್ಟದಲ್ಲಿ ಒಂದು ಗಂಟೆಗೆ ಸುಮಾರು 635 ಎಂಬಿ ಬೇಕು. 32 ಜಿಬಿ ಕಾರ್ಡ್ ಹಾಕಿದರೆ 50 ಗಂಟೆಯಷ್ಟು ಹಿಡಿಯುತ್ತದೆ. ಅಜ್ಜಿಯ ಪದಗಳಿಗೆ ಧಾರಾಳವಾಯಿತು.

ಹೊರಗಿನ ಮೈಕ್ ಸಿಕ್ಕಿಸುವ ತೂತು ಇರಲಿ. ರಿಮೋಟ್‌ಗೆ ಹಾಕುವ ಟ್ರಿಪಲ್ ಎ ಸೆಲ್‌ನಲ್ಲಿ ನಡೆಯುವಂಥದ್ದಾದರೆ ಇನ್ನೂ ಒಳ್ಳೆಯದು. ಕರೆಂಟ್ ಹೋದರೂ ಊರಿನ ಅಂಗಡಿಯಲ್ಲಿ ಸೆಲ್ ಸಿಗುತ್ತದೆ. ಸೋನಿಯ ಐಸಿಡಿ-ಪಿಎಕ್ಸ್470ರಲ್ಲಿ ಇಷ್ಟೂ ಇವೆ: 4 ಜಿಬಿ ಒಳಗಿನ ಮೆಮೊರಿ, ಮೇಲೆ ಮೈಕ್ರೋ ಎಸ್‌ಡಿ ಕಾರ್ಡ್ ಹಾಕಲು ಜಾಗ. ಬೆಲೆ ಜಾಸ್ತಿ ಅನ್ನಿಸಿದರೆ ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಅಲ್ಲೇ ಒಮ್ಮೆ ರೆಕಾರ್ಡ್ ಮಾಡಿ ಕೇಳಿ ತೆಗೆದುಕೊಳ್ಳಿ. ಪೆನ್ನಿನ ಆಕಾರದ, ಹೆಸರಿಲ್ಲದ ಅಗ್ಗದ ರೆಕಾರ್ಡರ್ ಮಾತ್ರ ಬೇಡ.

ಒಂದು ಸೆಟ್ಟಿಂಗ್ ಬಗ್ಗೆ ಒತ್ತಿ ಹೇಳಬೇಕು. ಸದ್ದು ಬಂದಾಗ ಮಾತ್ರ ತಾನೇ ಶುರುವಾಗುವ ‘ವಿಒಆರ್’ ಅಂತ ಒಂದಿರುತ್ತದೆ. ಅದನ್ನು ಆಫ್ ಮಾಡಿಡಿ. ದಾವಣಗೆರೆಯ ನಮ್ಮ ಮನೆಯಲ್ಲಿ ಚಿಕ್ಕಪ್ಪ ಭಜನೆ ಪದ ಹೇಳಿದಾಗ ಅದು ಆನ್ ಆಗಿತ್ತು, ನಾನು ನೋಡಿರಲಿಲ್ಲ. ಸಾಲುಗಳ ಮೊದಲ ಅಕ್ಷರವೇ ಇಲ್ಲ. ‘ಗುರುವೇ’ ಅಂದದ್ದು ‘ರುವೇ’ ಅಂತ ಕೇಳುತ್ತದೆ. ಚಿಕ್ಕಪ್ಪ ಈಗಿಲ್ಲ. ಆ ಫೈಲ್ ಹಾಗೇ ಇದೆ.

ಇನ್ನು ಗಾಳಿ. ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಂತಿರುವ ಜಿಲ್ಲೆ ನಿಮ್ಮದು, ಕಟ್ಟೆಯ ಮೇಲೆ ಕೂತು ರೆಕಾರ್ಡ್ ಮಾಡಿದರೆ ಬರೀ ಭರ್ರೋ ಅನ್ನುತ್ತದೆ. ಒಳಮನೆಯಲ್ಲಿ ಕೂರಿಸಿ, ಫ್ಯಾನ್ ನಿಲ್ಲಿಸಿ. ಆರ್‌ಸಿಸಿ ಮನೆಯಾದರೆ ಗೋಡೆಯ ಹಗ್ಗಕ್ಕೆ ಎರಡು ಕೌದಿ ಇಳಿಬಿಡಿ, ಪ್ರತಿಧ್ವನಿ ಎಷ್ಟೋ ಕಡಿಮೆಯಾಗುತ್ತದೆ. ರೆಕಾರ್ಡರ್ ಅಡಿಗೆ ಮಡಿಸಿದ ಟವೆಲ್ ಇರಲಿ. ಅಜ್ಜಿಯ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇಡಿ. ನೇರ ಇಟ್ಟರೆ ಉಸಿರು ಮೈಕಿಗೆ ಬಡಿಯುತ್ತದೆ.

ಶುರುವಿನಲ್ಲಿ ಅಜ್ಜಿಯ ಹೆಸರು, ಊರು, ತಾರೀಖು ನೀವೇ ಹೇಳಿ. ರಾತ್ರಿಯೇ ಎರಡು ಕಡೆ ಕಾಪಿ ಮಾಡಿ. ಪದ ಮುಗಿದ ಕೂಡಲೇ ಮಾತ್ರ ಆಫ್ ಮಾಡಬೇಡಿ. ‘ಇದನ್ನ ನಮ್ಮವ್ವ ನವಣೆ ಕುಟ್ಟೋವಾಗ ಹೇಳ್ತಿದ್ಲು’ ಅನ್ನುವಂಥ ಮಾತು ಬರುವುದು ಆಮೇಲೆ.