ಮಿನಿ ಟಮ್ಮಿ ಟಕ್ ಸಾಕಾ, ಫುಲ್ ಬೇಕಾ? ಮೊದಲು ಹೊಕ್ಕುಳಿನ ಮೇಲೆ ಬೆರಳಿಟ್ಟು ನೋಡಿ

ಎರಡು ಸಿಸೇರಿಯನ್, ಚಿಕ್ಕ ಮಗುವಿಗೆ ನಾಲ್ಕು ವರ್ಷ, ಜೋತುಬಿದ್ದ ಹೊಟ್ಟೆ. ಸಡಿಲ ಚರ್ಮ ಕತ್ತರಿಸಿ ಹೊಟ್ಟೆ ಬಿಗಿ ಮಾಡುವ ಟಮ್ಮಿ ಟಕ್ ಆಪರೇಷನ್ ಮಾಡಿಸುವ ಯೋಚನೆ ನಿಮಗೆ. "ಮಿನಿಯಾದರೆ ಕಲೆ ಚಿಕ್ಕದು, ಖರ್ಚೂ ಕಮ್ಮಿ, ಬೇಗ ಕೆಲಸಕ್ಕೆ ಹೋಗಬಹುದು, ಅದೇ ಸಾಕಲ್ವಾ?" ಅಂತ ನೀವು ಮಂಗಳೂರಿನಿಂದ ಕೇಳಿದ್ದೀರಿ. ಆರು ವರ್ಷದ ಹಿಂದೆ ಉಡುಪಿಯಲ್ಲಿ ನಾನು ಕೇಳಿದ್ದೂ ಇದನ್ನೇ. ಸಾಕು ಅಂತ ಮಿನಿ ಮಾಡಿಸಿದೆ. ಎರಡು ವರ್ಷ ಕಳೆದು ಫುಲ್ ಮಾಡಿಸಬೇಕಾಯಿತು. ಈಗ ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಅಡ್ಡ ಕಲೆ ಉಂಟು, ಅದರ ನಡುವಿನಿಂದ ಮೇಲಕ್ಕೆ ಮೂರು ಸೆಂಟಿಮೀಟರಿನ ಇನ್ನೊಂದು ಕಲೆಯೂ ಉಂಟು, ಟಿ ಅಕ್ಷರ ತಲೆಕೆಳಗಾದ ಹಾಗೆ. ಮೊದಲೇ ಫುಲ್ ಮಾಡಿಸಿದ್ದರೆ ಈ ಎರಡನೆಯ ಕಲೆ ಬಹುಶಃ ಬರುತ್ತಲೇ ಇರಲಿಲ್ಲ.

ನನ್ನ ತಪ್ಪು ಎಲ್ಲಿ ಆಯಿತು ಅಂತ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಕಾಣುತ್ತಿದೆ. ಸರ್ಜನ್ ಎದುರು ಕೂತ ಕೂಡಲೇ ನಾನು ಹೇಳಿದ ಮೊದಲ ಮಾತು "ಸಿಸೇರಿಯನ್ ಕಲೆ ಎಷ್ಟು ಉದ್ದ ಉಂಟೋ ಅದಕ್ಕಿಂತ ಹೆಚ್ಚು ಬೇಡ" ಅಂತ. ಅಂದರೆ ಹೊಟ್ಟೆಯನ್ನು ಪರೀಕ್ಷೆ ಮಾಡುವ ಮೊದಲೇ ಆಪರೇಷನ್ ಯಾವುದು ಅಂತ ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅವರು ನಿಲ್ಲಿಸಿ ನೋಡಿದರು, ಹೊಕ್ಕುಳಿನ ಕೆಳಗಿನ ಚರ್ಮ ಹಿಡಿದು ಎಳೆದರು, ಆಗಬಹುದು ಎಂದರು. ಮಲಗಿಸಿ ತಲೆ ಎತ್ತಿಸಲಿಲ್ಲ. ಹಾಸಿಗೆಯಿಂದ ಏಳುವಾಗ ಎದೆಯ ಕೆಳಗಿನಿಂದ ಹೊಕ್ಕುಳಿನವರೆಗೆ ಒಂದು ದಿಣ್ಣೆ ಏಳುತ್ತಿತ್ತು, ಮಲ್ಪೆ ಮರಳಲ್ಲಿ ಮಗುಚಿಟ್ಟ ದೋಣಿಯ ಬೆನ್ನಿನ ಹಾಗೆ. ಗ್ಯಾಸ್ ಅಂತ ತಿಳಿದು ಅದನ್ನು ನಾನು ಹೇಳಲೂ ಇಲ್ಲ.

ಅದು ಗ್ಯಾಸ್ ಅಲ್ಲ. ಹೊಟ್ಟೆಯ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಉದ್ದ ಸ್ನಾಯು ಇರುತ್ತದೆ, ನಡುವೆ ಎರಡನ್ನೂ ಹಿಡಿದಿಡುವ ಬಿಳಿಯ ನಾರಿನ ಪಟ್ಟಿ. ಬಸುರಿನಲ್ಲಿ ಆ ಪಟ್ಟಿ ಹಿಗ್ಗುತ್ತದೆ. ಎಷ್ಟೋ ಜನರಿಗೆ ಹೆರಿಗೆಯ ನಂತರ ಮತ್ತೆ ಕುಗ್ಗುತ್ತದೆ, ಕೆಲವರಿಗೆ ಹಿಗ್ಗಿದಲ್ಲೇ ಉಳಿಯುತ್ತದೆ. ನಡುವಿನ ಅಂತರ 2 ಸೆಂಟಿಮೀಟರಿಗಿಂತ ಹೆಚ್ಚಾದರೆ ಅದನ್ನು ಡಯಾಸ್ಟಾಸಿಸ್ ರೆಕ್ಟೈ ಎನ್ನುತ್ತಾರೆ. ಎರಡನೇ ಸರ್ಜನ್ ಸ್ಕ್ಯಾನ್ ಮಾಡಿಸಿದಾಗ ನನ್ನ ಅಂತರ ಹೊಕ್ಕುಳಿನ ಮೇಲೆ 4.5 ಸೆಂಟಿಮೀಟರ್ ಇತ್ತು.

ಮಿನಿಯಲ್ಲಿ ಚರ್ಮ ಬಿಡಿಸುವುದು ಹೊಕ್ಕುಳಿನ ಕೆಳಗೆ ಮಾತ್ರ. ಸ್ನಾಯುವಿಗೆ ಹೊಲಿಗೆ ಹಾಕಿದರೂ ಅಷ್ಟರೊಳಗೇ. ಫುಲ್‌ನಲ್ಲಿ ಚರ್ಮವನ್ನು ಪಕ್ಕೆಲುಬಿನವರೆಗೆ ಬಿಡಿಸಿ, ಎದೆಮೂಳೆಯ ತುದಿಯಿಂದ ಗುಪ್ತಾಂಗದ ಮೇಲಿನ ಮೂಳೆಯವರೆಗೆ ಸ್ನಾಯುಗಳನ್ನು ನಡುವಿಗೆ ತಂದು ಹೊಲಿಯುತ್ತಾರೆ. ನಾನು ಹೊಲಿಗೆ ಅಂಗಡಿಯವಳು, ನನಗೆ ಇದು ಅರ್ಥವಾದದ್ದು ಬ್ಲೌಸಿನ ಲೆಕ್ಕದಲ್ಲಿ. ಎದೆಯ ಹತ್ತಿರ ಸಡಿಲ ಇರುವ ಬ್ಲೌಸಿಗೆ ಡಾರ್ಟ್ (ಒಳಮಡಿಕೆ) ಹಿಡಿಯದೆ ಕೆಳಗಿನ ಪಟ್ಟಿ ಮಾತ್ರ ಬಿಗಿ ಮಾಡಿದರೆ ಸಡಿಲವೆಲ್ಲ ಮೇಲೆ ಬಂದು ಉಬ್ಬುತ್ತದೆ. ನನ್ನ ಹೊಟ್ಟೆಗೂ ಹಾಗೇ ಆಯಿತು. ಕೆಳಗೆ ಚಪ್ಪಟೆ, ಮೇಲೆ ಐದು ತಿಂಗಳ ಬಸುರಿ. ಜೊತೆಗೆ ಮೇಲ್ಭಾಗಕ್ಕೆ ಕೊಬ್ಬು ಹೀರಿ ತೆಗೆಯುವ ಲೈಪೊಸಕ್ಷನ್ ಮಾಡಿದ್ದರು, ಕೊಬ್ಬು ತೆಳುವಾಗಿ ಉಬ್ಬು ಇನ್ನೂ ಎದ್ದು ಕಂಡಿತು. ಅದು ಕೊಬ್ಬಿನ ಉಬ್ಬು ಆಗಿರಲೇ ಇಲ್ಲ, ಸಡಿಲವಾದ ಗೋಡೆಯ ಉಬ್ಬು.

ಇನ್ನು ಆ ಎರಡನೆಯ ಕಲೆ. ಫುಲ್‌ನಲ್ಲಿ ಹೊಕ್ಕುಳನ್ನು ಸುತ್ತ ಕೊಯ್ದು ಅದರ ಬುಡದಲ್ಲೇ ಬಿಡುತ್ತಾರೆ. ಮೇಲಿನ ಚರ್ಮವನ್ನು ಕೆಳಗೆಳೆದು, ಹಳೆಯ ಹೊಕ್ಕುಳಿನ ತೂತು ಇರುವ ಭಾಗವನ್ನೇ ಕತ್ತರಿಸಿ ತೆಗೆದು, ಹೊಸ ಜಾಗದಲ್ಲಿ ತೂತು ಮಾಡಿ ಹೊಕ್ಕುಳನ್ನು ಹೊರತರುತ್ತಾರೆ. ಇದಕ್ಕೆ ಮೇಲಿನ ಚರ್ಮ ಕೆಳಗಿನ ಅಂಚಿನವರೆಗೆ ಬರುವಷ್ಟು ಸಡಿಲ ಬೇಕು. ನನ್ನ ಸಡಿಲವನ್ನು ಮಿನಿಯಲ್ಲೇ ಕತ್ತರಿಸಿ ತೆಗೆದಾಗಿತ್ತು. ಹಳೆಯ ತೂತು ಕೆಳಗಿನ ಅಂಚಿಗೆ ಮುಟ್ಟಲಿಲ್ಲ, ಅದನ್ನು ಅಲ್ಲೇ ಎಡಬಲ ಸೇರಿಸಿ ಉದ್ದಕ್ಕೆ ಹೊಲಿಯಬೇಕಾಯಿತು. ಬಟ್ಟೆ ಒಮ್ಮೆ ಕತ್ತರಿಸಿದ ಮೇಲೆ ಉದ್ದ ಸಾಲದಿದ್ದರೆ ಎಲ್ಲಿಂದ ತರುವುದು?

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಲೆಯ ಉದ್ದ ನೋಡಿ ಆರಿಸುವ ವಿಷಯ ಇದಲ್ಲ. ಅಂತರ ಎಲ್ಲಿ ಉಂಟು, ಸಡಿಲ ಎಲ್ಲಿ ಉಂಟು, ಅದೇ ಆರಿಸುತ್ತದೆ.

ಇವತ್ತೇ ಮನೆಯಲ್ಲಿ ನೋಡಿ. ನೆಲದಲ್ಲಿ ಅಂಗಾತ ಮಲಗಿ ಮೊಣಕಾಲು ಮಡಚಿ. ಎರಡು ಬೆರಳಿನ ತುದಿಯನ್ನು ಅಡ್ಡಕ್ಕೆ ಪಕ್ಕಪಕ್ಕ ಜೋಡಿಸಿ ಹೊಕ್ಕುಳಿನಿಂದ ಮೂರು ಬೆರಳು ಮೇಲೆ ಇಡಿ. ಉಸಿರು ಬಿಡುತ್ತಾ ತಲೆ ಮತ್ತು ಭುಜವನ್ನು ಸ್ವಲ್ಪ ಎತ್ತಿ. ಎರಡೂ ಕಡೆ ಗಟ್ಟಿ ಅಂಚು ಸಿಗುತ್ತದೆ, ನಡುವೆ ಎಷ್ಟು ಬೆರಳು ಹಿಡಿಯುತ್ತದೆ ಎಣಿಸಿ. ಹೊಕ್ಕುಳಿನ ಮೇಲೆ, ಹೊಕ್ಕುಳಲ್ಲಿ, ಕೆಳಗೆ, ಮೂರೂ ಕಡೆ ನೋಡಿ. ಮೇಲೆ ಎರಡಕ್ಕಿಂತ ಹೆಚ್ಚು ಬೆರಳು ಹಿಡಿದರೆ ಮಿನಿಯ ಆಸೆ ಬಿಡಿ. ಕೆಮ್ಮಿದಾಗ ಹೊಕ್ಕುಳಲ್ಲಿ ಮೆತ್ತನೆಯ ಗಂಟು ಹೊರಬಂದರೆ ಹರ್ನಿಯಾ (ಹೊಟ್ಟೆಯ ಗೋಡೆಯ ತೂತಿನಿಂದ ಒಳಗಿನದು ಹೊರನೂಕುವುದು) ಇರಬಹುದು, ಅದನ್ನು ಸರ್ಜನ್‌ಗೆ ಮೊದಲೇ ಹೇಳಲೇಬೇಕು. ಬೆರಳಿನ ಲೆಕ್ಕ ಒಂದು ಅಂದಾಜು ಮಾತ್ರ, ಅಲ್ಟ್ರಾಸೌಂಡ್‌ನಲ್ಲಿ ಸರಿಯಾದ ಅಳತೆ ಸಿಗುತ್ತದೆ.

ಮತ್ತೊಂದು: ನಿಂತು ಹೊಟ್ಟೆಯನ್ನು ಹಿಡಿಯಿರಿ. ಕೈಗೆ ಸಿಗುವುದು ಚರ್ಮ ಮತ್ತು ಅದರ ಕೆಳಗಿನ ಕೊಬ್ಬು. ಹೊಟ್ಟೆ ದೊಡ್ಡದಿದ್ದೂ ಕೈಗೆ ಏನೂ ಸಿಗದೆ ಗಟ್ಟಿಯಾಗಿದ್ದರೆ ಕೊಬ್ಬು ಒಳಗೆ ಕರುಳಿನ ಸುತ್ತ ಉಂಟು. ಅದನ್ನು ಯಾವ ಟಮ್ಮಿ ಟಕ್ಕೂ ತೆಗೆಯುವುದಿಲ್ಲ, ಊಟ ನಡಿಗೆಯಿಂದಲೇ ಕರಗಬೇಕು.

ಮಿನಿ ಯಾರಿಗೆ ಹೊಂದುತ್ತದೆ? ಹೊಕ್ಕುಳಿನ ಮೇಲೆ ಚರ್ಮವೂ ಸ್ನಾಯುವೂ ಬಿಗಿಯಾಗಿದ್ದು, ಸಿಸೇರಿಯನ್ ಕಲೆಯ ಮೇಲೆ ಸಣ್ಣ ಮಡಿಕೆ ಮಾತ್ರ ಇರುವವರಿಗೆ. ಎರಡು ಬಸುರು ಕಳೆದವರಲ್ಲಿ ಅಂಥವರು ಕಡಿಮೆ. ಪಕ್ಕೆಯಲ್ಲೂ ಸಡಿಲ ಇದ್ದರೆ ಕಲೆ ಸೊಂಟ ದಾಟಿ ಹಿಂದಕ್ಕೆ ಹೋಗುವ ಎಕ್ಸ್‌ಟೆಂಡೆಡ್. ತೂಕ ಇಳಿಸಲಿಕ್ಕೆ ಮಾಡುವ ಬೇರಿಯಾಟ್ರಿಕ್ ಆಪರೇಷನ್ ಆಗಿ ತುಂಬಾ ತೂಕ ಇಳಿದವರಿಗೆ ಅಡ್ಡ ಕಲೆಯ ಜೊತೆ ನಡುವೆ ಉದ್ದ ಕಲೆಯೂ ಬರುವ ಫ್ಲೂರ್ ಡಿ ಲಿಸ್. ನಿಮ್ಮ ವಿವರ ನೋಡಿದರೆ ಇವೆರಡು ನಿಮಗಲ್ಲ.

ಮಿನಿಯಲ್ಲೇ ಕೆಲವರು ಹೊಕ್ಕುಳಿನ ಬುಡವನ್ನು ಒಳಗಿನಿಂದ ಕತ್ತರಿಸಿ ಇಡೀ ಹೊಕ್ಕುಳನ್ನು ಸ್ವಲ್ಪ ಕೆಳಗೆ ಸರಿಸುತ್ತಾರೆ. ಹಾಗೆ ಮಾಡುತ್ತೀರಾ ಅಂತ ಕೇಳಿ. ಬುಡ ಹೋದ ಮೇಲೆ ಹೊಕ್ಕುಳಿಗೆ ರಕ್ತ ಬರುವುದು ಸುತ್ತಲಿನ ಚರ್ಮದಿಂದ ಮಾತ್ರ. ಮುಂದೆ ಫುಲ್ ಬೇಕಾಗಿ ಸುತ್ತ ಕೊಯ್ದರೆ ಹೊಕ್ಕುಳೇ ಕಪ್ಪಾಗಿ ಹೋಗುವ ಅಪಾಯ ಉಂಟು. ನನಗೆ ಅದೊಂದು ಮಾಡಿರಲಿಲ್ಲ, ಹಾಗಾಗಿ ಹೊಕ್ಕುಳು ಉಳಿಯಿತು. ಹಾಗೆಯೇ ಪಿತ್ತಕೋಶದ ಹಳೇ ಕಾಲದ ಆಪರೇಷನ್ ಆಗಿ ಬಲ ಪಕ್ಕೆಲುಬಿನ ಕೆಳಗೆ ಓರೆ ಕಲೆ ಇದ್ದರೆ ಹೇಳಿ. ಕೆಳಗೆಳೆಯುವ ಚರ್ಮಕ್ಕೆ ರಕ್ತ ಬರುವ ದಾರಿಯನ್ನೇ ಅದು ತುಂಡು ಮಾಡಿರುತ್ತದೆ. ಬೀಡಿ ಸಿಗರೇಟು ಇದ್ದರೆ ಕನಿಷ್ಠ ನಾಲ್ಕು ವಾರ ಮೊದಲೇ ಪೂರ್ತಿ ನಿಲ್ಲಬೇಕು, ಕಾರಣ ಅದೇ ರಕ್ತಸಂಚಾರ. ಗರ್ಭನಿರೋಧಕ ಮಾತ್ರೆ ತಗೊಳ್ಳುವುದಾದರೆ ಅದನ್ನೂ ಮುಚ್ಚಿಡಬೇಡಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಅದರಿಂದ ಹೆಚ್ಚುತ್ತದೆ. ಇನ್ನೊಂದು ಮಗು ಬೇಕೆಂಬ ಯೋಚನೆ ಇದ್ದರೆ ಆಪರೇಷನ್ ಮುಂದೂಡಿ. ತೂಕ ಆರು ತಿಂಗಳು ಒಂದೇ ಕಡೆ ನಿಂತಿರಬೇಕು.

ಬಾಣಂತನದಲ್ಲಿ ಹೊಟ್ಟೆಗೆ ಬಟ್ಟೆ ಸರಿಯಾಗಿ ಕಟ್ಟಲಿಲ್ಲ, ಅದಕ್ಕೇ ಹೀಗಾಯಿತು ಅಂತ ಅತ್ತೆ ಹೇಳುತ್ತಾರೆ ಎಂದು ಬರೆದಿದ್ದೀರಿ. ದಯವಿಟ್ಟು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಬಟ್ಟೆ ಕಟ್ಟಿದರೆ ಸೊಂಟಕ್ಕೆ ಆಧಾರ ಸಿಗುತ್ತದೆ, ಹಿಗ್ಗಿದ ಪಟ್ಟಿ ಅದರಿಂದ ಕೂಡುವುದಿಲ್ಲ. ನನಗೆ ನಲವತ್ತು ದಿನ ಬಿಸಿನೀರು ಹೊಯ್ದು, ಬಿಗಿಯಾಗಿ ಕಟ್ಟಿ, ಎಲ್ಲ ಮಾಡಿದ್ದರು.

"ಬೇಗ ಕೆಲಸಕ್ಕೆ" ಎಂಬುದನ್ನೂ ಇನ್ನೊಮ್ಮೆ ಯೋಚಿಸಿ. ಸ್ನಾಯು ಹೊಲಿದರೆ ಆರು ವಾರ ಐದು ಕಿಲೋ ಮೇಲೆ ಎತ್ತುವ ಹಾಗಿಲ್ಲ. ಬಾವಿಯಿಂದ ಒಂದು ಕೊಡಪಾನ ನೀರು ಎಳೆದರೂ ಅದು ದಾಟುತ್ತದೆ. ತುರಿಮಣೆಯಲ್ಲಿ ಕೂತು ಕಾಯಿ ತುರಿಯುವುದು, ಕುಕ್ಕರಗಾಲಿನ ಪಾಯಿಖಾನೆ ಎರಡೂ ಆಗ ಬೇಡ, ಕಮೋಡ್ ಕುರ್ಚಿ ತರಿಸಿಡಿ. ಮೊದಲ ಒಂದು ವಾರ ಬೆನ್ನು ಬಗ್ಗಿಸಿಯೇ ನಡೆಯಬೇಕು, ಮಲಗುವಾಗ ಬೆನ್ನಿಗೂ ಮೊಣಕಾಲಿನ ಕೆಳಗೂ ದಿಂಬು. ಆದರೂ ಆಪರೇಷನ್ ಆದ ಸಂಜೆಯೇ ನಾಲ್ಕು ಹೆಜ್ಜೆ ನಡೆಯಿರಿ. ಒಂದೇ ಮೀನಖಂಡ ಊದಿ ನೋವಾದರೆ, ಇಲ್ಲ ಏದುಸಿರು ಬಂದರೆ ಆ ಕ್ಷಣವೇ ಎಮರ್ಜೆನ್ಸಿಗೆ ಹೋಗಿ. ನೋವಿನ ಮಾತ್ರೆಯಿಂದ ಮಲ ಗಟ್ಟಿಯಾಗುತ್ತದೆ, ಮುಕ್ಕರಿದರೆ ಒಳಗಿನ ಹೊಲಿಗೆಗೆ ಪೆಟ್ಟು. ಇಸಬ್ಗೋಲ್ ಮೊದಲ ದಿನದಿಂದಲೇ ಶುರು ಮಾಡಬಹುದಾ ಅಂತ ವೈದ್ಯರನ್ನು ಕೇಳಿಟ್ಟುಕೊಳ್ಳಿ. ಕುಚ್ಚಲಕ್ಕಿ ಗಂಜಿ ಒಂದೇ ಸಾಲದು, ಗಾಯ ಮಾಯಲಿಕ್ಕೆ ಮೊಟ್ಟೆ, ಮೀನು, ಬೇಳೆ ಬೇಕು.

ಗಾಯದೊಳಗಿನ ನೀರು ಹೊರಬರಲಿಕ್ಕೆ ಕೊಳವೆ ಇಟ್ಟು ಡ್ರೈನ್ ಚೀಲ ಜೋಡಿಸಿರುತ್ತಾರೆ, ಅದರಲ್ಲಿ ದಿನಕ್ಕೆ ಎಷ್ಟು ನೀರು ಬಂತು ಅಂತ ಪುಸ್ತಕದಲ್ಲಿ ಬರೆದಿಡಿ. ಸಾಮಾನ್ಯವಾಗಿ 24 ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆಯಾದ ಮೇಲೆ ತೆಗೆಯುತ್ತಾರೆ, ನನಗೆ ಹನ್ನೊಂದು ದಿನ ಹಿಡಿಯಿತು. ತೆಗೆದ ಮೇಲೆ ಹೊಟ್ಟೆಯ ಒಂದು ಕಡೆ ತಟ್ಟಿದಾಗ ಇನ್ನೊಂದು ಕಡೆ ಅಲೆ ಬಂದರೆ ಒಳಗೆ ನೀರು ನಿಂತಿದೆ. ಅದು ಸಿರೋಮಾ, ಸೂಜಿಯಲ್ಲಿ ಎಳೆದು ತೆಗೆಯುತ್ತಾರೆ. ಹೆದರಬೇಡಿ, ಆದರೆ ಹಾಗೇ ಬಿಡಲೂ ಬೇಡಿ.

ನಮ್ಮ ಕರಾವಳಿಯವರಿಗೆ ತಿಂಗಳೂ ಮುಖ್ಯ. ಹೊಟ್ಟೆಯನ್ನು ಬಿಗಿ ಹಿಡಿಯುವ ಪ್ರೆಶರ್ ಬೆಲ್ಟನ್ನು ಸುಮಾರು ಆರು ವಾರ ಹೆಚ್ಚುಕಮ್ಮಿ ಹಗಲು ರಾತ್ರಿ ಹಾಕಬೇಕು. ಮೇ ತಿಂಗಳ ಬೆವರಲ್ಲಿ ಹೊಲಿಗೆಯ ಸುತ್ತ ಚರ್ಮ ಬೆಂದು ಕೆಂಪಾಗುತ್ತದೆ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ತೊಳೆದ ಬೆಲ್ಟ್ ಎರಡು ದಿನವಾದರೂ ಒಣಗುವುದಿಲ್ಲ. ನವೆಂಬರಿನಿಂದ ಫೆಬ್ರವರಿ ಒಳಗೆ ಇಟ್ಟುಕೊಳ್ಳಿ, ಬೆಲ್ಟ್ ಎರಡು ತಗೊಳ್ಳಿ, ಒಳಗೆ ತೆಳು ಹತ್ತಿ ಬನಿಯನ್ ಹಾಕಿ. ನಾನು ಆಪರೇಷನ್ ಮಾಡಿಸಿದ ಮಂಗಳೂರಿನಿಂದ ಉಡುಪಿಗೆ ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರ್ ಹತ್ತಿರ ಆಗುತ್ತದೆ, ಡಿಸ್ಚಾರ್ಜ್ ದಿನ ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೂತರೂ ಒಂದೊಂದು ಹಂಪ್ ಹೊಲಿಗೆಗೇ ತಾಗುತ್ತಿತ್ತು. ನೀವು ಊರಲ್ಲೇ ಇರುವುದರಿಂದ ಅದೊಂದು ಸುಖ.

ಖರ್ಚಿನ ಬಗ್ಗೆ: ಚಂದಕ್ಕೆ ಮಾಡುವ ಆಪರೇಷನ್ ಎಂದು ವಿಮೆ ಇದಕ್ಕೆ ಹಣ ಕೊಡುವುದಿಲ್ಲ. ಹರ್ನಿಯಾ ಇದ್ದರೆ ಆ ಭಾಗಕ್ಕೆ ಸಿಗಬಹುದು, ಬಿಲ್ ಬೇರೆ ಮಾಡಿಸಲಿಕ್ಕೆ ಮೊದಲೇ ಕೇಳಿ. ಮಿನಿಯಲ್ಲಿ ಉಳಿಸಿದ ದುಡ್ಡು ಎರಡನೇ ಆಪರೇಷನ್‌ಗೆ ಹೋಗಿ, ಮೇಲಿಂದ ಚಿನ್ನ ಅಡವಿಟ್ಟೆ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ (ಎಂಎಸ್ ನಂತರದ ಉನ್ನತ ಪದವಿ) ಆದವರನ್ನೇ ನೋಡಿ, ಕನಿಷ್ಠ ಇಬ್ಬರನ್ನು. ಒಳಗೆ ಹೋದ ಮೇಲೆ ಕಲೆಯ ಮಾತು ಕೊನೆಗಿರಲಿ. "ಮಲಗಿಸಿ ನೋಡಿ ಡಾಕ್ಟ್ರೇ, ಹೊಕ್ಕುಳಿನ ಮೇಲೆ ಎಷ್ಟು ಅಂತರ ಉಂಟು?" ಅಂತ ಕೇಳಿ. ಕಲೆ ಒಳಚಡ್ಡಿಯ ಒಳಗೆ ಅಡಗುತ್ತದೆ, ಒಂದು ಒಂದೂವರೆ ವರ್ಷದಲ್ಲಿ ಮಾಸುತ್ತದೆ. ನನ್ನ ಅಡ್ಡ ಕಲೆ ಈಗ ತೆಳು ಗೆರೆ.

ಬೆರಳಿಟ್ಟು ನೋಡಿದ ಮೇಲೆ ಮೇಲೆಷ್ಟು ಕೆಳಗೆಷ್ಟು ಹಿಡಿಯಿತು ಅಂತ ಇಲ್ಲಿ ಬರೆಯಿರಿ.