36 ಮಕ್ಕಳು, ಎರಡು ನಲ್ಲಿ, ಒಂದು ಕೋಸಂಬರಿ

ಶಾಲೆಯಲ್ಲಿ, ಬೇಸಿಗೆ ಶಿಬಿರದಲ್ಲಿ ಮಕ್ಕಳ ಕೈಯಿಂದಲೇ ಅಡುಗೆ ಮಾಡಿಸುವ ಬಗ್ಗೆ ಈ ಬಾರಿ ಬೆಂಗಳೂರಿನ ಓದುಗರು ಕೇಳಿದ್ದಾರೆ. ನಗರದ ಶಾಲೆಗಳಲ್ಲಿ ಮಕ್ಕಳಿಗೆ ಅಡುಗೆ ಕಲಿಸುತ್ತಾ ಬಂದಿರುವ ಗೃಹವಿಜ್ಞಾನ ಶಿಕ್ಷಕಿಯೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಬ್ಯಾಗ್ ಇಲ್ಲದ ಶನಿವಾರ ಮಕ್ಕಳ ಕೈಲಿ ಏನಾದರೂ ಅಡುಗೆ ಮಾಡಿಸಿ ಎಂದು ನಮ್ಮ ಹೆಡ್‌ಮಿಸ್ ಹೇಳಿದ್ದಾರೆ. ಆರನೇ ಕ್ಲಾಸು, 36 ಮಕ್ಕಳು, ಜೋಡಿ ಪೀರಿಯಡ್, ಅಂದರೆ 80 ನಿಮಿಷ. ಗ್ಯಾಸ್ ಹಚ್ಚುವ ಹಾಗಿಲ್ಲ. ನನಗೆ ಚಾಕುವಿನದೇ ಭಯ. ಎಲ್ಲಿಂದ ಶುರು ಮಾಡಲಿ?
— ಶಿಕ್ಷಕಿ, ರಾಜಾಜಿನಗರ

ಉತ್ತರ: ಚಾಕು ಆಮೇಲೆ ನೋಡೋಣ. ಮೊದಲು ಕಾರಿಡಾರಿಗೆ ಹೋಗಿ ನಲ್ಲಿ ಎಷ್ಟಿವೆ ಎಣಿಸಿ ಬನ್ನಿ. ಸೋಪು ಹಚ್ಚಿ ಸರಿಯಾಗಿ ಕೈ ತೊಳೆಯೋಕೆ ಒಂದು ಮಗುವಿಗೆ 20 ಸೆಕೆಂಡು ಬೇಕು. ತಳ್ಳಾಟ, ನೀರೆರಚಾಟ ಸೇರಿಸಿ ಅರ್ಧ ನಿಮಿಷ ಅನ್ನಿ. ಎರಡೇ ನಲ್ಲಿ ಇದ್ದರೆ 36 ಮಕ್ಕಳಿಗೆ ಒಂಬತ್ತು ನಿಮಿಷ. ಮೊದಲು ತೊಳೆದುಕೊಂಡು ಬಂದವನು ಅಷ್ಟು ಹೊತ್ತು ಸುಮ್ಮನೆ ಕೂರುತ್ತಾನೆಯೇ? ಮೂಗು ಮುಟ್ಟಿ, ಪಕ್ಕದವನ ಕೂದಲು ಎಳೆದು, ಶೂ ಲೇಸ್ ಕಟ್ಟಿಕೊಂಡಿರುತ್ತಾನೆ. ಮತ್ತೆ ತೊಳೆಸಬೇಕು. ಇಷ್ಟು ವರ್ಷದಲ್ಲಿ ನಾನು ಕಂಡ ಪೆಟ್ಟುಗಳಲ್ಲಿ ಹೆಚ್ಚಿನವು ಆಗಿದ್ದು ಕೈಗೆ ಕೆಲಸವಿಲ್ಲದ ಮಗುವಿನಿಂದ. ಚಾಕು ಹಿಡಿದ ಮಗು ಸಾಮಾನ್ಯವಾಗಿ ನಾಲಿಗೆ ಕಚ್ಚಿಕೊಂಡು ಕೆಲಸದಲ್ಲಿ ಮುಳುಗಿರುತ್ತೆ.

ಆದ್ದರಿಂದ ಚಿಕ್ಕ ಅಡುಗೆಯನ್ನೇ ಆರಿಸಿಕೊಳ್ಳಿ, ಆದರೆ ಅದರಲ್ಲಿ ಎಲ್ಲರ ಕೈಗೂ ಕೆಲಸ ಸಿಗಬೇಕು. ನನ್ನ ಆಯ್ಕೆ ಹೆಸರುಬೇಳೆ ಕೋಸಂಬರಿ. ಆರು ಮೇಜು, ಮೇಜಿಗೆ ಆರು ಮಕ್ಕಳು. ಒಬ್ಬರು ಬೇಳೆ ತೊಳೆದು ಬಸಿಯಲಿ, ಇಬ್ಬರು ಸೌತೆಕಾಯಿ ಹೆಚ್ಚಲಿ, ಒಬ್ಬರು ಕೊತ್ತಂಬರಿ ಬಿಡಿಸಲಿ, ಒಬ್ಬರು ನಿಂಬೆಹಣ್ಣು ಹಿಂಡಿ ಬೀಜ ತೆಗೆಯಲಿ. ಆರನೆಯವರು ಮೇಜಿನ ಯಜಮಾನರು: ಒರೆಸೋದು, ಸಿಪ್ಪೆ ಎತ್ತೋದು, ಗಡಿಯಾರ ನೋಡೋದು. ಈ ಕೆಲಸಕ್ಕೆ ಜಗಳವೇ ನಡೆಯುತ್ತೆ, ನೋಡಿ. ಗಂಡುಮಕ್ಕಳು ಚಾಕುವಿಗೆ, ಹೆಣ್ಣುಮಕ್ಕಳು ಒರೆಸುವ ಬಟ್ಟೆಗೆ ತಾವಾಗಿಯೇ ಹೋಗಿ ನಿಂತರೆ ಅಲ್ಲೇ ಅದಲು ಬದಲು ಮಾಡಿ. ಮನೆಯಲ್ಲಿ ಕಂಡಿದ್ದನ್ನೇ ಇಲ್ಲೂ ಮಾಡುತ್ತಾರೆ, ಅವರ ತಪ್ಪಲ್ಲ.

ಸಾಮಾನು: ಮೇಜಿಗೆ 100 ಗ್ರಾಂ ಬೇಳೆ, ಒಟ್ಟು 600 ಗ್ರಾಂ. ನೆನೆದರೆ ಹೆಚ್ಚುಕಡಿಮೆ ಎರಡರಷ್ಟಾಗುತ್ತೆ, ಒಬ್ಬೊಬ್ಬರಿಗೂ ಒಂದು ಚಿಕ್ಕ ದೊನ್ನೆ ತುಂಬ ಬರುತ್ತೆ. ಜೊತೆಗೆ ಮೇಜಿಗೆ ಒಂದು ಸೌತೆಕಾಯಿ, ಅರ್ಧ ನಿಂಬೆಹಣ್ಣು, ಒಂದು ಹಿಡಿ ಕೊತ್ತಂಬರಿ, ಒಂದು ಹಿಡಿ ತೆಂಗಿನತುರಿ. ಕಾಯಿತುರಿ ನೀವೇ ತನ್ನಿ, ತುರಿಯುವ ಮಣೆ ಈ ವಯಸ್ಸಿಗೆ ಬೇಡ. ಅದನ್ನು ಹಿಂದಿನ ದಿನ ತುರಿದಿಡಬೇಡಿ, ಹಳಸುತ್ತೆ. ಒಗ್ಗರಣೆಯೂ ಬೇಡ, ಸಾಸಿವೆ ಸಿಡಿದು ಯಾರ ಕಣ್ಣಿಗಾದರೂ ಬಿದ್ದೀತು.

ಬೇಳೆ ಬೆಂದಿರುವುದಿಲ್ಲ, ಹಸಿಯಾಗಿಯೇ ಹೊಟ್ಟೆಗೆ ಹೋಗುತ್ತೆ. ಹಾಗಾಗಿ ತೊಳೆಯೋಕೂ ನೆನೆಸೋಕೂ ಬೋರ್‌ವೆಲ್ ನೀರು ಬೇಡ, ಕುಡಿಯುವ ನೀರೇ ಬೇಕು. 20 ಲೀಟರಿನ ಒಂದು ಕ್ಯಾನ್ ಸಾಕು. ಬೆಳಗ್ಗೆ ಮೊದಲ ಬೆಲ್ಲಿಗೆ ಮಕ್ಕಳೇ ನೆನೆಹಾಕಲಿ, ಒಂದೂವರೆ ಗಂಟೆಯಲ್ಲಿ ತಯಾರು. ಕಾಳನ್ನು ಉಗುರಿನಲ್ಲಿ ಒತ್ತಿದರೆ ‘ಟಕ್’ ಅಂತ ಮುರಿಯಬೇಕು, ಹಿಟ್ಟಾಗಬಾರದು.

ಕೈ ತೊಳೆಯೋಕೆ ಒಂದೊಂದೇ ಮೇಜು ಕಳಿಸಿ, ಉಳಿದವರಿಗೆ ಅಷ್ಟರಲ್ಲಿ ಚಾಕು ಹಿಡಿಯುವುದು ಹೇಗೆ ಎಂದು ತೋರಿಸಿ. ಅದಕ್ಕೇ 15 ನಿಮಿಷ ಹೋಗಲಿ. ಹೆಚ್ಚೋದು, ಬಿಡಿಸೋದು 25 ನಿಮಿಷ. ಕಲಸಿ ತಿನ್ನೋಕೆ 20. ಉಳಿದ 20 ನಿಮಿಷ ಪಾತ್ರೆ ತೊಳೆದು, ನೆಲ ಒರೆಸಿ, ಹಲಗೆ ಒಣಗಿಸೋಕೆ. ಪಾತ್ರೆಯನ್ನು ಆಯಾಗೆ ಬಿಟ್ಟು ಊಟದ ಬೆಲ್ಲಿಗೆ ಓಡುವ ಕ್ಲಾಸು ನನಗಂತೂ ಒಪ್ಪಿಗೆಯಿಲ್ಲ.

ಉಪ್ಪನ್ನು ಮಾತ್ರ ನೀವು ಹೇಳುವತನಕ ಯಾರೂ ಹಾಕಕೂಡದು. ಒಂದು ಬಟ್ಟಲಲ್ಲಿ ಸ್ವಲ್ಪ ಸೌತೆಕಾಯಿಗೆ ಮೊದಲೇ ಉಪ್ಪು ಬೆರೆಸಿ ಕಿಟಕಿಯ ಹತ್ತಿರ ಇಡಿ, ಇನ್ನೊಂದು ಬಟ್ಟಲಿಗೆ ಬೇಡ. ಹತ್ತು ನಿಮಿಷಕ್ಕೆ ಮೊದಲನೆಯದರ ತಳದಲ್ಲಿ ನೀರು ನಿಂತಿರುತ್ತೆ. ಉಪ್ಪು ಕಾಯಿಯೊಳಗಿನ ನೀರನ್ನು ಹೊರಗೆಳೆಯಿತು ಎಂದು ನೀವು ಬಾಯಿ ಬಿಡುವ ಮೊದಲೇ ಯಾರೋ ಒಬ್ಬಳು ಹೇಳಿರುತ್ತಾಳೆ. ಸೌತೆಕಾಯಿಯ ತೊಟ್ಟಿನ ತುದಿ ಕತ್ತರಿಸಿ ಉಜ್ಜಿ ನೊರೆ ಬರಿಸೋಕೂ ಬಿಡಿ, ಅದೊಂದು ಆಟ. ಕಹಿ ಹೋಯಿತೋ ಇಲ್ಲವೋ ಎಂದು ಮಾತ್ರ ಒಂದು ಚೂರು ನೀವು ತಿಂದು ನೋಡಿ. ಕಹಿ ಇದ್ದರೆ ಇಡೀ ಕಾಯಿಯನ್ನೇ ಬಿಸಾಕಿ.

ಈಗ ಚಾಕು. ಮೇಜಿಗೆ ಎರಡರಂತೆ ಹನ್ನೆರಡು. ನಿಮ್ಮ ಜೊತೆ ಕನಿಷ್ಠ ಇನ್ನಿಬ್ಬರು ದೊಡ್ಡವರಿರಬೇಕು, ಇಬ್ಬರು ತಾಯಂದಿರನ್ನೋ ತಂದೆಯರನ್ನೋ ಕರೆಯಿರಿ. ಒಬ್ಬೊಬ್ಬರ ಕಣ್ಣು ಎರಡೆರಡು ಮೇಜಿನ ಮೇಲೆ. ಚಾಕು ಎಣಿಸಿ ಕೊಡಿ, ಎಣಿಸಿ ವಾಪಸ್ ತೆಗೆದುಕೊಳ್ಳಿ. ಹನ್ನೆರಡು ಕೈಗೆ ಬರುವತನಕ ಕಲಸುವ ಹಾಗಿಲ್ಲ.

ಹಸಿಮೆಣಸಿನಕಾಯಿ ಕೊಡಲೇಬೇಡಿ. ಇದನ್ನು ನಾನು ಕಲಿತಿದ್ದು ಪೆಟ್ಟು ತಿಂದು. ಶುರುವಿನ ದಿನಗಳಲ್ಲಿ ಒಂದು ಶಾಲೆಯಲ್ಲಿ ಎರಡೇ ಎರಡು ಮೆಣಸಿನಕಾಯಿ ಹೆಚ್ಚೋಕೆ ಕೊಟ್ಟಿದ್ದೆ. ಹುಡುಗ ಚೆನ್ನಾಗಿಯೇ ಹೆಚ್ಚಿದ, ಶಹಬ್ಬಾಸ್ ಅಂದೆ, ಅವನು ಖುಷಿಯಿಂದ ಕಣ್ಣುಜ್ಜಿಕೊಂಡ. ನೀರಿನಲ್ಲಿ ಎಷ್ಟು ತೊಳೆಸಿದರೂ ಬೆರಳಿನ ಖಾರ ಹೋಗಲಿಲ್ಲ. ಖಾರದ ಅಂಶ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತೆ. ಬೆರಳಿಗೆ ಮೊದಲು ಅಡುಗೆ ಎಣ್ಣೆ ಸವರಿ ಆಮೇಲೆ ಸೋಪು ಹಾಕಬೇಕು. ಕಣ್ಣಿಗೆ ಮಾತ್ರ ಬರೀ ತಣ್ಣೀರು, ಧಾರಾಳವಾಗಿ. ಅವತ್ತಿನ ಕೋಸಂಬರಿ ಹಾಗೇ ಉಳಿಯಿತು.

ಪ್ರಶ್ನೆ: ಮಗಳಿಗೆ ಎಂಟು ವರ್ಷ. ತರಕಾರಿ ಹೆಚ್ಚುತ್ತೀನಿ ಎಂದು ಹಟ. ಅತ್ತೆಯವರು ಈಳಿಗೆಮಣೆಯಲ್ಲೇ ಕಲಿಯಲಿ ಅಂತಾರೆ, ನನಗೆ ಧೈರ್ಯ ಸಾಲದು.
— ಗೃಹಿಣಿ, ಬನಶಂಕರಿ

ಉತ್ತರ: ನಿಮ್ಮತ್ತೆಯವರ ಕೈಯಲ್ಲಿ ಈಳಿಗೆಮಣೆ ಎಷ್ಟು ಚೆಂದ ಓಡುತ್ತೋ ನನಗೆ ಗೊತ್ತು, ನಮ್ಮಮ್ಮನೂ ಹಾಗೇ. ಆದರೆ ಈಳಿಗೆಯಲ್ಲಿ ಅಲುಗು ನಿಂತಿರುತ್ತೆ, ಎರಡು ಕೈಯೂ ಅಲುಗಿನ ಕಡೆಗೇ ಸಾಗಬೇಕು. ಚಾಕುವಾದರೆ ಕಾಯಿ ಹಿಡಿದ ಕೈಯ ಬೆರಳನ್ನು ಒಳಗೆ ಮಡಚಿ ಬಚ್ಚಿಡಬಹುದು. ಬೆಕ್ಕು ಪಂಜ ಮಡಚಿಕೊಂಡ ಹಾಗೆ ಎಂದು ಹೇಳಿಕೊಡಿ, ಮಕ್ಕಳಿಗೆ ತಕ್ಷಣ ಹಿಡಿಯುತ್ತೆ.

ಮೊದಲ ವಾರ ಬೆಣ್ಣೆ ಸವರುವ ಚಾಕುವಿನಲ್ಲಿ ಬಾಳೆಹಣ್ಣು. ಆಮೇಲೆ ಸೌತೆಕಾಯಿ. ಅದನ್ನು ನೀವು ಉದ್ದಕ್ಕೆ ಸೀಳಿ, ಸೀಳಿದ ಮುಖ ಕೆಳಗೆ ಮಾಡಿ ಕೊಡಿ, ಉರುಳುವುದಿಲ್ಲ. ಹಲಗೆಯ ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರುವುದಿಲ್ಲ. ಚಾಕು ಪುಟ್ಟದಿರಲಿ, ಮೊಂಡು ಮಾತ್ರ ಆಗಿರಬಾರದು. ಮೊಂಡು ಚಾಕುವನ್ನು ಮಗು ಬಲವಾಗಿ ಒತ್ತುತ್ತೆ, ಒತ್ತಿದ್ದು ಜಾರುತ್ತೆ. ಅಡುಗೆಕಟ್ಟೆ ಅವಳ ಎದೆಮಟ್ಟ ಬಂದರೆ ನೆಲದಲ್ಲಿ ಕೂತು ಪುಟ್ಟ ಮಣೆಯ ಮೇಲೆ ಹೆಚ್ಚಲಿ. ಅಷ್ಟರಮಟ್ಟಿಗೆ ಅತ್ತೆಯವರ ಮಾತೂ ನಡೆದ ಹಾಗಾಯಿತು.

ಪ್ರಶ್ನೆ: ಸಂಕ್ರಾಂತಿಗೆ ಮಗನ ಶಾಲೆಯಲ್ಲಿ ಮಕ್ಕಳ ಕೈಯಿಂದಲೇ ಎಳ್ಳುಬೆಲ್ಲ ಬೆರೆಸಿ ಪೊಟ್ಟಣ ಕಟ್ಟಿಸುತ್ತಾರೆ. ಅವನಿಗೆ ಕಡಲೆಕಾಯಿ ಅಲರ್ಜಿ. ‘ಅವನಿಗೆ ಬೇರೆ ತಟ್ಟೆ ಇಡುತ್ತೇವೆ’ ಎನ್ನುತ್ತಾರೆ. ಸಾಕೇ?
— ತಂದೆ, ಮಲ್ಲೇಶ್ವರ

ಉತ್ತರ: ಸಾಲದು. ಕಡಲೆಬೀಜ ಹುರಿದು ಕೈಯಲ್ಲಿ ಉಜ್ಜಿ ಸಿಪ್ಪೆ ಊದುವುದೇ ಆ ಕೆಲಸದ ಅರ್ಧ ಮಜಾ. ಸಿಪ್ಪೆಯೂ ಪುಡಿಯೂ ಮೇಜಿಗೆ, ಬೆಂಚಿಗೆ, ಎಲ್ಲರ ಕೈಗೆ ಹತ್ತುತ್ತೆ. ಸ್ಯಾನಿಟೈಸರ್ ಹಚ್ಚಿದರೆ ಅದು ಹೋಗುವುದಿಲ್ಲ, ಸೋಪು ನೀರೇ ಬೇಕು. ಆ ತರಗತಿಯಲ್ಲಿ ಕಡಲೆಬೀಜವನ್ನೇ ಕೈಬಿಡುವಂತೆ ಕೇಳಿ. ಹುರಿಗಡಲೆ, ಕೊಬ್ಬರಿ, ಬೆಲ್ಲ, ಜೊತೆಗೆ ಸಕ್ಕರೆ ಅಚ್ಚು ಇದ್ದರೂ ಹಬ್ಬ ಹಬ್ಬವೇ. ಎಳ್ಳು ಕೂಡ ಕೆಲವು ಮಕ್ಕಳಿಗೆ ಅಲರ್ಜಿ, ನಿಮ್ಮ ಮಗನಿಗೆ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಅಂಗಡಿಯಿಂದ ತಂದ ಸಿದ್ಧ ಮಿಶ್ರಣವಂತೂ ಬೇಡ.

ಶಾಲೆಯವರಿಗೆ ನನ್ನದೊಂದು ಮಾತು. ಅಡುಗೆ ತರಗತಿಗೆ ವಾರ ಮುಂಚೆ ಪ್ರತಿ ಮನೆಗೂ ಚೀಟಿ ಕಳಿಸಿ: ಏನು ಮಾಡಿಸುತ್ತೇವೆ, ಏನೇನು ಹಾಕುತ್ತೇವೆ, ನಿಮ್ಮ ಮಗು ಯಾವುದನ್ನು ತಿನ್ನಬಾರದು. ‘ಯಾವುದನ್ನು ತಿನ್ನುವುದಿಲ್ಲ’ ಎಂಬ ಸಾಲೂ ಇರಲಿ. ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ ಮನೆಗಳಿವೆ, ಶನಿವಾರ ಒಪ್ಪತ್ತು ಮಾಡುವವರಿದ್ದಾರೆ. ಅಲರ್ಜಿ ಇರುವ ಮಗುವಿಗೆ ತುಟಿ, ಮುಖ ಊದಿಕೊಂಡರೆ ಅಥವಾ ಉಸಿರಾಡೋಕೆ ಕಷ್ಟವಾದರೆ ಮನೆಗೆ ಫೋನ್ ಮಾಡುತ್ತಾ ಕೂರಬೇಡಿ. ವೈದ್ಯರು ಅಡ್ರಿನಲಿನ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ತಕ್ಷಣ ಅದು, ಜೊತೆಗೇ 108ಕ್ಕೆ ಕರೆ. ಇಂಜೆಕ್ಷನ್ ಎಲ್ಲಿದೆ ಎಂಬುದು ಅವತ್ತು ಕ್ಲಾಸಿನಲ್ಲಿರುವ ದೊಡ್ಡವರಿಗೆಲ್ಲ ಗೊತ್ತಿರಬೇಕು.

ಪ್ರಶ್ನೆ: ಅಪಾರ್ಟ್‌ಮೆಂಟ್ ಹಾಲ್‌ನಲ್ಲಿ ಬೇಸಿಗೆ ಶಿಬಿರ. ಮಕ್ಕಳಿಂದ ಅಕ್ಕಿರೊಟ್ಟಿ ಮಾಡಿಸೋಣವೆಂದು ಎರಡು ಇಂಡಕ್ಷನ್ ಒಲೆ ಇಟ್ಟೆವು. ಹತ್ತೇ ನಿಮಿಷಕ್ಕೆ ಕರೆಂಟ್ ಟ್ರಿಪ್. ಮತ್ತೆ ಹಾಕಿದರೆ ಮತ್ತೆ ಟ್ರಿಪ್.
— ಶಿಬಿರದ ಆಯೋಜಕರು, ಬೆಳ್ಳಂದೂರು

ಉತ್ತರ: ಎರಡೂ ಒಲೆಯನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದ್ದಿರಿ ತಾನೇ? 2000 ವಾಟಿನ ಒಲೆ ಸುಮಾರು 9 ಆಂಪ್ ಎಳೆಯುತ್ತೆ. ಎರಡಕ್ಕೆ 17ರ ಮೇಲೆ. ಲೋಡ್ ಹೆಚ್ಚಾದರೆ ತಾನಾಗಿ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ಚು ಬೀಳದೆ ಏನು ಮಾಡೀತು? ಬಿದ್ದಿದ್ದು ಒಳ್ಳೆಯದೇ ಆಯಿತು, ಬೀಳದಿದ್ದರೆ ಬೋರ್ಡ್ ಕರಗುತ್ತಿತ್ತು. ದೊಡ್ಡ ಮೂರು ಪಿನ್ನಿನ ಸಾಕೆಟ್‌ಗೇ ನೇರವಾಗಿ ಹಾಕಿ, ಒಂದೊಂದು ಒಲೆಗೆ ಬೇರೆ ಬೇರೆ ಲೈನು ಇದೆಯೇ ಎಂದು ಎಲೆಕ್ಟ್ರೀಷಿಯನ್ ಹತ್ತಿರ ಕೇಳಿ. ಇಲ್ಲದಿದ್ದರೆ ಎರಡನ್ನೂ 800 ವಾಟಿಗೆ ಇಳಿಸಿ. ರೊಟ್ಟಿಗೆ ಅಷ್ಟು ಸಾಕು.

ಒಲೆಯ ಹತ್ತಿರ ಒಮ್ಮೆಗೆ ಒಬ್ಬ ಮಗು, ಪಕ್ಕದಲ್ಲಿ ಒಬ್ಬರು ದೊಡ್ಡವರು. ಬೆಂಕಿ ಕಾಣಿಸುವುದಿಲ್ಲವೆಂದು ಮಕ್ಕಳು ಹೆದರುವುದಿಲ್ಲ. ಹೆಂಚು ಎತ್ತಿದ ಮೇಲೂ ಗಾಜು ಸುಡುತ್ತಿರುತ್ತೆ ಎಂಬುದು ಅವರಿಗೆ ಹೊಳೆಯುವುದೇ ಇಲ್ಲ. ಕೈ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಸಿ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಅರಿಶಿನ ಬೇಡ. ಬೊಬ್ಬೆ ದೊಡ್ಡದಾಗಿದ್ದರೆ ಡಾಕ್ಟರ ಹತ್ತಿರ ಹೋಗಿ.

ಉಳಿದ ಮಕ್ಕಳು ಸುಮ್ಮನೆ ಸಾಲು ನಿಲ್ಲುವುದು ಬೇಡ, ಬಾಳೆಎಲೆಯ ಮೇಲೆ ರೊಟ್ಟಿ ತಟ್ಟಲಿ. ಅಕ್ಕಿಹಿಟ್ಟಿನಲ್ಲಿ ಗೋಧಿಯ ಹಾಗೆ ಎಳೆಯುವ ಜಿಗುಟಿಲ್ಲ. ತಣ್ಣೀರಿನಲ್ಲಿ ಕಲಸಿದ್ದು ಅಂಚು ಬಿರಿಯುತ್ತೆ, ಬಿಸಿನೀರಿನಲ್ಲಿ ಕಲಸಿದ್ದು ಬೆರಳು ಹೇಳಿದ ಹಾಗೆ ಕೇಳುತ್ತೆ. ಬಿಸಿನೀರು ಹಾಕಿ ಕಲಸೋದು ನೀವು, ಆರಿದ ಮೇಲೆ ನಾದೋದು ಅವರು. ಎರಡೂ ಉಂಡೆ ಕೊಟ್ಟು ತಟ್ಟಿಸಿ ನೋಡಿ. ಥರ್ಮಾಮೀಟರ್ ಇದ್ದರೆ ಕುದಿಯುವ ನೀರಿಗೂ ಇಳಿಬಿಡಿ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ‘ಪುಸ್ತಕದಲ್ಲಿ 100 ಅಂತಿದೆ ಮಿಸ್!’ ಎಂಬ ಗಲಾಟೆಗೆ ಸಿದ್ಧರಾಗಿರಿ.

ಪ್ರಶ್ನೆ: ಅಷ್ಟೆಲ್ಲ ಆಸೆಪಟ್ಟು ಮಾಡ್ತಾರೆ, ಕೊನೆಗೆ ತಿನ್ನೋದೇ ಇಲ್ಲ.
— ಶಿಕ್ಷಕ, ಯಲಹಂಕ

ಉತ್ತರ: ಒತ್ತಾಯ ಬೇಡ. ಒಂದು ಚಮಚ ರುಚಿ ನೋಡಿ ‘ಏನು ಕಮ್ಮಿ?’ ಎಂದು ಹೇಳುವ ಕೆಲಸ ಕೊಡಿ. ಹುಳಿ ಕಮ್ಮಿ ಎಂದವಳೇ ಎದ್ದು ನಿಂಬೆ ಹಿಂಡುತ್ತಾಳೆ, ಸರಿಯಾಯಿತೇ ಎಂದು ಇನ್ನೊಂದು ಚಮಚ ತಿನ್ನುತ್ತಾಳೆ.

ಪ್ರಶ್ನೆ: ಕೋಸಂಬರಿ, ಪಾನಕ, ಚುರುಮುರಿ ಎಲ್ಲ ಆಯಿತು. ಡಿಸೆಂಬರಿಗೆ ಹೊಸದೇನಾದರೂ ಹೇಳಿ.
— ಶಿಕ್ಷಕಿ, ಬಸವನಗುಡಿ

ಉತ್ತರ: ಗಾಂಧಿ ಬಜಾರ್ ಪಕ್ಕದಲ್ಲೇ ಇಟ್ಟುಕೊಂಡು ನನ್ನನ್ನು ಕೇಳುತ್ತೀರಲ್ಲ! ಅವರೆಕಾಯಿ. ಒಂದು ದಿನ ಸುಲಿಯೋದು, ಮರುದಿನ ಹಿತುಕೋದು, ನಡುವೆ ಕಾಳು ರಾತ್ರಿಯೆಲ್ಲ ನೆನೆಯಲಿ. ಕೊಳ್ಳುವಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ, ಕಾಯಿ ಮೂಸಿ ನೋಡಿ ಆರಿಸಲಿ. ಸುಲಿಯುವ ಮೊದಲು ಕಾಯಿ ತೂಗಿಸಿ, ಸುಲಿದ ಮೇಲೆ ಕಾಳು ತೂಗಿಸಿ, ಹಿತುಕಿದ ಮೇಲೆ ಬೇಳೆ ತೂಗಿಸಿ. ಚೀಲದ ತುಂಬ ತಂದಿದ್ದು ಬಟ್ಟಲಿಗೆ ಇಳಿದಿದ್ದು ಕಂಡಾಗ ಹಿತುಕಿದಬೇಳೆ ಯಾಕಿಷ್ಟು ದುಬಾರಿ ಎಂದು ಯಾರೂ ಕೇಳುವುದಿಲ್ಲ. ಹಿತುಕುವಾಗ ಕಾಳನ್ನು ಬಟ್ಟಲಿನೊಳಗೇ ಹಿಡಿಯಬೇಕು, ಇಲ್ಲದಿದ್ದರೆ ಬೇಳೆ ಚಿಮ್ಮಿ ಮೂರನೇ ಬೆಂಚಿಗೆ ಹೋಗುತ್ತೆ. ಅದೂ ಒಂದು ಪಂದ್ಯವಾದರೆ ಐದು ನಿಮಿಷ ಕಣ್ಣುಮುಚ್ಚಿಕೊಳ್ಳಿ.

ಹಸಿ ಕಾಳು ಬಾಯಿಗೆ ಹಾಕೋಕೆ ಬಿಡಬೇಡಿ, ಅವರೆ ಚೆನ್ನಾಗಿ ಬೇಯಲೇಬೇಕು. ಬೇಯಿಸಿ ಉಪ್ಪಿಟ್ಟಿಗೆ ಹಾಕೋದು ಶಾಲೆಯ ಅಡುಗೆಯಕ್ಕನ ಕೈಲಿರಲಿ, ಅವರನ್ನು ಮೊದಲೇ ಕೇಳಿಕೊಂಡಿರಿ. ಸೊಗಡು ಕೈಯಲ್ಲಿ ಸಂಜೆತನಕ ಹಾಗೇ ಇರುತ್ತೆ, ಮನೆಯವರಿಗೆ ಚೀಟಿಯಲ್ಲೇ ಹೇಳಿಬಿಡಿ.