ಓದುಗರ ಪ್ರಶ್ನೆ: ವರ್ಡನ್‌ನಲ್ಲಿ ಬಿದ್ದ ಆ ಸೈನಿಕ

ಪ್ರಶ್ನೆ: ಮೊದಲ ಮಹಾಯುದ್ಧದ ಬಗ್ಗೆ ಟಿ.ವಿ.ಯಲ್ಲಿ ಏನು ಬಂದರೂ ಒಂದು ತುಣುಕು ಇದ್ದೇ ಇರುತ್ತದೆ. ಫ್ರೆಂಚ್ ಸೈನಿಕನೊಬ್ಬ ಮುನ್ನುಗ್ಗುವಾಗ ಗುಂಡು ತಗುಲಿ ಕುಸಿಯುತ್ತಾನೆ. ಕೆಳಗೆ ‘ವರ್ಡನ್, 1916’ ಎಂದಿರುತ್ತದೆ. ಆ ಸಾವು ನಿಜವೇ? (ಧಾರವಾಡದ ಓದುಗರು)

ಉತ್ತರ: ಅಲ್ಲ. ಬಹುಪಾಲು ಸಲ ಅದು ಫ್ರೆಂಚ್ ನಿರ್ದೇಶಕ ಲಿಯೋಂ ಪ್ವಾರ್ಯೆ 1928ರಲ್ಲಿ ತೆಗೆದ ‘ವರ್ಡನ್, ವಿಸಿಯೋಂ ದಿಸ್ತ್ವಾರ್’ ಎಂಬ ಮೂಕಿ ಚಿತ್ರದ ದೃಶ್ಯ. ಫ್ರಾನ್ಸಿನ ವರ್ಡನ್‌ನಲ್ಲಿ ಫ್ರೆಂಚರಿಗೂ ಜರ್ಮನ್ನರಿಗೂ ಕಾಳಗ ನಡೆದ ನೆಲದಲ್ಲೇ ಆತ, ಎರಡೂ ಕಡೆಯ ಮಾಜಿ ಸೈನಿಕರನ್ನು ಸೇರಿಸಿಕೊಂಡು ಚಿತ್ರೀಕರಿಸಿದ. ನೆಲ ನಿಜ, ಸಮವಸ್ತ್ರ ನಿಜ, ಓಡುವವರೂ ಓಡಿ ಬಲ್ಲವರೇ. ಹಾಗಾಗಿ ಮೋಸ ಹೋಗುವುದು ಸುಲಭ. ಇದರಲ್ಲಿ ಪ್ವಾರ್ಯೆಯ ತಪ್ಪಿಲ್ಲ; ತುಣುಕು ಕತ್ತರಿಸಿ ಶೀರ್ಷಿಕೆ ಅಂಟಿಸಿದವರದು ತಪ್ಪು.

ಗುರುತಿಸಲು ಮೊದಲು ನೋಡಬೇಕಾದದ್ದು ಸೈನಿಕನನ್ನಲ್ಲ, ಕ್ಯಾಮೆರಾ ಎಲ್ಲಿ ನಿಂತಿದೆ ಎಂಬುದನ್ನು. ನುಗ್ಗುತ್ತಿರುವವರ ಮುಖ ಕಾಣುತ್ತಿದ್ದರೆ ಛಾಯಾಗ್ರಾಹಕ ಶತ್ರುವಿಗೆ ಬೆನ್ನು ಕೊಟ್ಟು ನಿಂತಿದ್ದಾನೆಂದೇ ಅರ್ಥ. 1916ರ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು, ಸೆಕೆಂಡಿಗೆ ಎರಡು ಸುತ್ತಿನಂತೆ ಹಿಡಿಕೆಯನ್ನು ಕೈಯಲ್ಲೇ ತಿರುಗಿಸಬೇಕಿತ್ತು. ಮೆಷಿನ್‌ಗನ್ ಎದುರು ಇದು ಆಗುವ ಮಾತಲ್ಲ. ನಿಜವಾದ ದಾಳಿಯ ದೃಶ್ಯಗಳು ಸಾಮಾನ್ಯವಾಗಿ ಹಿಂದಿನಿಂದ, ದೂರದಿಂದ, ಹೊಗೆಯಲ್ಲಿ ಚುಕ್ಕೆಗಳಂತೆ ಜನ ಕಾಣುವ ನೀರಸ ದೃಶ್ಯಗಳು. ಅದೇ ಓಟ ಮತ್ತೊಂದು ಕೋನದಿಂದಲೂ ಬಂದರೆ ಅನುಮಾನವೇ ಬೇಡ, ಅದು ನಟನೆ.

ಗೀರು, ಕಲೆ, ಮಸುಕನ್ನು ಮಾತ್ರ ನಂಬಬೇಡಿ. ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ನಡುವಿನ ಬೂದು ಛಾಯೆಗಳು ಅಳಿದು, 1928ರದೂ 1916ರದರಂತೆಯೇ ಕಾಣತೊಡಗುತ್ತದೆ.

ಪ್ರಶ್ನೆ: ಹಾಗಾದರೆ ಈ ಚಿತ್ರ ಕಥೆಯೋ ಸಾಕ್ಷ್ಯಚಿತ್ರವೋ? (ಶಿವಮೊಗ್ಗದ ಓದುಗರು)

ಉತ್ತರ: ಎರಡನ್ನೂ ಬೇಕೆಂದೇ ಹೆಣೆದದ್ದು. ಶಕ್ತಿ, ನರಕ, ವಿಧಿ ಎಂದು ಮೂರು ಭಾಗ. ಪಾತ್ರಗಳಿಗೆ ಹೆಸರಿಲ್ಲ: ಫ್ರೆಂಚ್ ಸೈನಿಕ, ಜರ್ಮನ್ ಸೈನಿಕ, ತಾಯಿ, ಹೆಂಡತಿ, ಬುದ್ಧಿಜೀವಿ, ಅಷ್ಟೇ. ಫ್ರೆಂಚ್ ಸೈನಿಕನಾಗಿ ಆಲ್ಬೆರ್ ಪ್ರೆಜಾಂ, ಬುದ್ಧಿಜೀವಿಯಾಗಿ ರಂಗಕರ್ಮಿ ಆಂತೊನಾಂ ಆರ್ತೋ. ನಡುನಡುವೆ ಯುದ್ಧಕಾಲದ ಅಸಲಿ ಚಿತ್ರಿಕೆಗಳು ಸೇರಿವೆ. ಎರಡರ ನಡುವೆ ಗೆರೆ ಎಳೆಯಲಾಗದಂತೆ ಮಾಡುವವನು ಪೆತಾಂ: 1916ರಲ್ಲಿ ವರ್ಡನ್ ರಕ್ಷಣೆಯ ಹೊಣೆ ಹೊತ್ತಿದ್ದ ಸೇನಾನಿ ಇಲ್ಲಿ ತನ್ನ ಪಾತ್ರವನ್ನು ತಾನೇ ಮಾಡಿದ್ದಾನೆ. ಅದು ದಾಖಲೆಯೂ ಹೌದು, ನಟನೆಯೂ ಹೌದು. ಕದನವಿರಾಮದ ಹತ್ತನೇ ವರ್ಷಕ್ಕೆ, 1928ರ ನವೆಂಬರ್‌ನಲ್ಲಿ ಪ್ಯಾರಿಸ್ ಒಪೇರಾದಲ್ಲಿ ಮೊದಲ ಪ್ರದರ್ಶನ ನಡೆಯಿತು. ಶತ್ರುವನ್ನು ರಾಕ್ಷಸನಾಗಿಸದೆ ಇದ್ದದ್ದು ಆ ಸಂದರ್ಭದಲ್ಲಿ ಸಣ್ಣ ಮಾತಲ್ಲ.

ಪ್ರಶ್ನೆ: ನಮ್ಮ ಫಿಲ್ಮ್ ಸೊಸೈಟಿಯಲ್ಲಿ ಹಳೆಯ ಯುದ್ಧದ ಮೂಕಿ ತೋರಿಸಿದಾಗ ಸೈನಿಕರು ಕೀಲಿಗೊಂಬೆಗಳಂತೆ ದಡಬಡಿಸಿದರು, ಸಭಿಕರು ನಕ್ಕರು. ಸರಿಪಡಿಸುವುದು ಹೇಗೆ? (ಮೈಸೂರಿನ ಓದುಗರು)

ಉತ್ತರ: ಹಿಡಿಕೆಯ ಒಂದು ಸುತ್ತಿಗೆ 8 ಫ್ರೇಮ್, ಸೆಕೆಂಡಿಗೆ ಎರಡು ಸುತ್ತು ಎಂದರೆ 16 ಫ್ರೇಮ್. ಅದನ್ನು ಧ್ವನಿಚಿತ್ರಗಳ ವೇಗವಾದ ಸೆಕೆಂಡಿಗೆ 24 ಫ್ರೇಮಿನಲ್ಲಿ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟು ವೇಗ. ಸಾವಿರ ಅಡಿಯ ರೀಲು 16ರ ವೇಗದಲ್ಲಿ ಸುಮಾರು 16 ನಿಮಿಷ 40 ಸೆಕೆಂಡು ಓಡಬೇಕು. 24ರಲ್ಲಿ 11 ನಿಮಿಷಕ್ಕೇ ಮುಗಿಯುತ್ತದೆ.

ಕಂಪ್ಯೂಟರ್‌ನಲ್ಲಿ ತೋರಿಸುವುದಾದರೆ ವಿಡಿಯೊ ನೋಡುವ ತಂತ್ರಾಂಶ ವಿಎಲ್‌ಸಿಯಲ್ಲಿ ವೇಗವನ್ನು 0.67ಕ್ಕೆ ಇಳಿಸಿ. ಮೂಲ 20 ಫ್ರೇಮಿನದಾದರೆ 0.83. ಇಳಿಸುವ ಮೊದಲು ‘ಇ’ ಕೀಲಿ ಒತ್ತುತ್ತಾ ಒಂದೊಂದೇ ಫ್ರೇಮ್ ನೋಡಿ. ಪ್ರತಿ ಮೂರರಲ್ಲಿ ಒಂದು ಫ್ರೇಮ್ ಹಿಂದಿನದರ ಪುನರಾವರ್ತನೆಯಾಗಿದ್ದರೆ 16ನ್ನು ಆಗಲೇ 24ಕ್ಕೆ ಎಳೆದಿದ್ದಾರೆ ಎಂದರ್ಥ. ಮತ್ತೆ ಇಳಿಸಿದರೆ ಎಲ್ಲರೂ ನೀರಿನಲ್ಲಿ ನಡೆದಂತಾಗುತ್ತದೆ. ಸಂಗೀತ ಹೊಂದಿಸಿ ಬಿಡುಗಡೆ ಮಾಡಿದ ಪುನರುಜ್ಜೀವಿತ ಪ್ರತಿಯಿದ್ದರೆ ವೇಗಕ್ಕೆ ಕೈ ಹಾಕಲೇಬೇಡಿ.

ಪ್ವಾರ್ಯೆಯಂಥ ಚಿತ್ರಗಳಲ್ಲಿ ಇನ್ನೊಂದು ತೊಡಕಿದೆ. 1920ರ ದಶಕದ ಕೊನೆಗೆ ಚಿತ್ರೀಕರಣದ ವೇಗ ಏರಿತ್ತು. ನಟಿಸಿದ ಭಾಗಕ್ಕೆ ಸರಿಹೊಂದುವ ವೇಗದಲ್ಲಿ 1916ರ ತುಣುಕು ಬಂದೊಡನೆ ಹೆಜ್ಜೆ ಚುರುಕಾಗುತ್ತದೆ. ಅದು ಸಂಪೂರ್ಣ ಹೋಗದು. ಆದರೆ ಲಾಭವೂ ಇದೆ: ನಡಿಗೆ ತಟ್ಟನೆ ಬದಲಾದ ಕಡೆ ಅಸಲಿ ತುಣುಕು ಶುರುವಾಗಿರಬಹುದು.

ಚೌಕಟ್ಟನ್ನೂ ಗಮನಿಸಿ. ಈ ಚಿತ್ರಕ್ಕೆ 1931ರಲ್ಲಿ ಧ್ವನಿಯ ಆವೃತ್ತಿಯೂ ಬಂತು. ಮೂಕಿಯ ಅಗಲವಾದ ಫ್ರೇಮಿನ ಮೇಲೆ ಧ್ವನಿಪಟ್ಟಿ ಮುದ್ರಿಸಿದರೆ ಎಡಗಡೆಯ ಅಂಚು ಹೋಗುತ್ತದೆ. ಜನರೆಲ್ಲ ಎಡಕ್ಕೆ ಸರಿದು, ಕೆಲವರ ಭುಜ ಕತ್ತರಿಸಿದಂತಿದ್ದರೆ ಪ್ರತಿ ಅಂಥದ್ದು, ಬೇರೆ ಹುಡುಕಿ.

ಪ್ರಶ್ನೆ: ವರ್ಡನ್ ಚಿತ್ರದಲ್ಲಿ ಭಾರತೀಯ ಸೈನಿಕರು ಏಕಿಲ್ಲ? (ಬೆಳಗಾವಿಯ ಓದುಗರು)

ಉತ್ತರ: ಅದು ಫ್ರೆಂಚ್ ಮತ್ತು ಜರ್ಮನ್ ಸೇನೆಗಳ ಕಾಳಗ. 1915ರಲ್ಲಿ ಉತ್ತರ ಫ್ರಾನ್ಸಿನ ನವ್ ಶಪೆಲ್‌ನಲ್ಲಿ ಹೋರಾಡಿದ್ದ ಭಾರತೀಯ ಪದಾತಿದಳಗಳು ಆ ವರ್ಷದ ಕೊನೆಗೇ ಫ್ರಾನ್ಸ್ ಬಿಟ್ಟು ಮೆಸೊಪೊಟೇಮಿಯಾ (ಇಂದಿನ ಇರಾಕ್) ಕಡೆ ಹೊರಟಿದ್ದವು. ವರ್ಡನ್ ಶುರುವಾದದ್ದು 1916ರ ಫೆಬ್ರುವರಿ 21ಕ್ಕೆ. ಮೈಸೂರು ಸಂಸ್ಥಾನದ ಅಶ್ವದಳ ಮೈಸೂರು ಲ್ಯಾನ್ಸರ್ಸ್ ಹೆಸರು ಮಾಡಿದ್ದು 1918ರ ಸೆಪ್ಟೆಂಬರ್‌ನಲ್ಲಿ, ಪ್ಯಾಲೆಸ್ಟೀನಿನ ಹೈಫಾದಲ್ಲಿ.